ಸಹಾಯ ಬೇಕು: ಗೋಡೆ ಸಂದಿನ ಗಟ್ಟಿ ಗಾರೇಲಿ ಸಣ್ಣ ಗ್ರೂವ್ ಹೊಡಿಯೋಕೆ ಯಾವ ಟೂಲ್?

ಎಲ್ರಿಗೂ ನಮಸ್ಕಾರ. ಚಿಂತಾಮಣಿ ಹತ್ರ ನಮ್ದು ಸೈಜುಕಲ್ಲು ಮನೆ, ಪಕ್ಕಕ್ಕೆ ಶೀಟ್ ಇಳಿಸಿದೀವಿ, ಮಳೆ ಬಂದ್ರೆ ಗೋಡೆಗೂ ಶೀಟಿಗೂ ಮಧ್ಯದಿಂದ ನೀರು ಸೀದಾ ಒಳಗೆ. ಸಿಲಿಕಾನ್ ಬಳಿದಿದ್ದು ಬಿಸಿಲಿಗೆ ಬಿಟ್ಕೊಂತು. ಅದಕ್ಕೇ ಕಲ್ಲಿನ ಸಂದಲ್ಲಿರೋ ಸಿಮೆಂಟ್ ಗಾರೆ ಕೊರೆದು, ಸುಮಾರು 5 ಎಂಎಂ ಅಗಲ 20 ಎಂಎಂ ಆಳ, ಅದರೊಳಗೆ ಜಿಐ ತಗಡಿನ ಅಂಚು ಮಡಿಚಿ ಕೂರ್ಸೋಣ ಅಂತ.

ಉಳಿ ಇಟ್ಟು ಹೊಡೆದ್ರೆ ಪುಡಿ ಉದುರತ್ತೆ ಅಷ್ಟೇ. ಮೇಸ್ತ್ರಿ ಕೇಳಿದ್ರೆ "4 ಇಂಚ್ ಗ್ರೈಂಡರ್‌ಗೆ ಡೈಮಂಡ್ ಬ್ಲೇಡ್ ಹಾಕಿ, ಅಕ್ಕಪಕ್ಕ ಎರಡು ಗೆರೆ ಎಳ್ದು ಮಧ್ಯದ್ದು ಉಳೀಲಿ ಎಬ್ಬಿಸಿ ಸಾರ್" ಅಂತಾರೆ. ಸರಿನೇ, ಆದ್ರೆ ಬ್ಲೇಡ್ ದುಂಡಗಿರೋದ್ರಿಂದ ಮೂಲೆ ಹತ್ರ ಕೊನೇವರೆಗೂ ಪೂರ್ತಿ ಆಳ ಸಿಗಲ್ಲ, ಕೈ ಜಾರಿದ್ರೆ ಕಲ್ಲಿಗೇ ಗೀರು, ಇನ್ನು ಆ ಧೂಳಂತೂ ಬರೀ ಕರ್ಚೀಫ್ ಕಟ್ಕೊಂಡು ಮಾಡೋ ಕೆಲ್ಸ ಅಲ್ಲ, ಒಳ್ಳೇ ಮಾಸ್ಕ್ ಕನ್ನಡಕ ಬೇಕೇ ಬೇಕು.

ಮೂಲೆಗೆ ಮಾತ್ರ, ಬ್ಲೇಡ್ ತಿರುಗದೆ ಅಕ್ಕಪಕ್ಕ ಜೋರಾಗಿ ಅದುರೋ ಆಸಿಲೇಟಿಂಗ್ ಮಲ್ಟಿಟೂಲ್‌ಗೆ ಕಾರ್ಬೈಡ್ ಬ್ಲೇಡ್ ಹಾಕಿ ಮಾಡಿರೋರು ಯಾರಾದ್ರೂ ಇದೀರಾ? ಟೈಲ್ಸ್ ಸಂದಿಗೆ ಓಕೆ, ಸಿಮೆಂಟ್ ಗಾರೆಗೆ ಬ್ಲೇಡ್ ಎಷ್ಟು ಬಾಳಿಕೆ ಬರತ್ತೆ? ಹ್ಯಾಮರ್ ಡ್ರಿಲ್ಲಿಗೆ ಸಣ್ಣ ಚಿಸೆಲ್ ಹಾಕಿದ್ರೆ ಕಲ್ಲು ಅಲ್ಲಾಡ್ಬಿಡತ್ತಾ? ಚಿಕ್ಕಬಳ್ಳಾಪುರ ಕಡೆ ಮಲ್ಟಿಟೂಲ್ ಬಾಡಿಗೆಗೆ ಸಿಗೋದಾದ್ರೆ ಹೇಳಿ, ಒಂದು ಗೋಡೆಗೋಸ್ಕರ ಹೊಸದು ತಗೊಳ್ಳೋಕೆ ಮನಸ್ಸಿಲ್ಲ.