‘ಹುತ್ತ’ ಗೆದ್ದಲಿಗಷ್ಟೇ ಸಲ್ಲುವ ಪದವೇ?

ತೀರ್ಥಹಳ್ಳಿ ಸೀಮೆಯ ಶಾಲಾ ಮಕ್ಕಳಿಗಾಗಿ ಇರುವೆ ಮತ್ತು ಗೆದ್ದಲುಗಳ ಬಗ್ಗೆ ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ಅದರ ಕರಡನ್ನು ತಿದ್ದಿದವರು ನಾನು ‘ಗೆದ್ದಲು’ ಎಂದು ಬರೆದಲ್ಲೆಲ್ಲ ‘ಬಿಳಿ ಇರುವೆ’ ಎಂದೂ, ‘ಇರುವೆಯ ಗೂಡು’ ಎಂದು ಬರೆದಲ್ಲೆಲ್ಲ ‘ಇರುವೆಯ ಹುತ್ತ’ ಎಂದೂ ಬದಲಿಸಿದ್ದಾರೆ. ಮೊದಲನೆಯದನ್ನು ನಾನು ಒಪ್ಪಲಾರೆ. ಎರಡನೆಯದರ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ, ಏಕೆಂದರೆ ಅವರು ತಮ್ಮ ಪರವಾಗಿ ‘ಇರುವೆ ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ’ ಎಂಬ ಗಾದೆಯನ್ನೇ ಮುಂದಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಕೇಳಿ ಬೆಳೆದ ಗಾದೆಯಲ್ಲಿ ಹುತ್ತವನ್ನು ಕಟ್ಟಿದ್ದು ಗೆದ್ದಲು.

‘ಬಿಳಿ ಇರುವೆ’ ಎಂಬುದು ಇಂಗ್ಲಿಷಿನ ರೂಢಿನಾಮವನ್ನು ಪದಕ್ಕೆ ಪದವಿಟ್ಟು ತಂದದ್ದು. ಇರುವೆಯು ಕಣಜ ಮತ್ತು ಜೇನಿನ ಬಳಗಕ್ಕೆ ಸೇರಿದ್ದರೆ, ಗೆದ್ದಲನ್ನು ಇಂದಿನ ಜೀವಿಶಾಸ್ತ್ರವು ಜಿರಲೆಯ ಗಣದಲ್ಲಿಯೇ ಇರಿಸುತ್ತದೆ. ‘ಗೆದ್ದಲು’, ‘ಒರಲೆ’ ಎಂಬ ಎರಡು ಸ್ವಂತ ಪದಗಳಿರುವ ನುಡಿಗೆ ಮೂರನೆಯದನ್ನು, ಅದರಲ್ಲೂ ತಪ್ಪು ನೆಂಟಸ್ತಿಕೆ ಹೇಳುವುದನ್ನು, ತರುವ ಅಗತ್ಯ ನನಗೆ ಕಾಣುವುದಿಲ್ಲ.

ಈ ಎರಡು ಜೀವಿಗಳ ನಡವಳಿಕೆಯ ಭೇದವನ್ನು ನಮ್ಮ ಕ್ರಿಯಾಪದಗಳು ಎಷ್ಟು ಸೂಕ್ಷ್ಮವಾಗಿ ಗುರುತಿಸಿವೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಜೋನಿ ಬೆಲ್ಲದ ಡಬ್ಬಿಗೆ ಇರುವೆ ‘ಮುತ್ತುತ್ತದೆ’. ಮಾಡನ್ನು ಹೊರುವ ಮರದ ಪಕಾಸಿಗೆ ಗೆದ್ದಲು ‘ಹಿಡಿಯುತ್ತದೆ’. ಇದನ್ನು ಅದಲು ಬದಲು ಮಾಡಿ ಹೇಳಿದವರನ್ನು ನಾನು ಕಂಡಿಲ್ಲ. ಬೆಲ್ಲವನ್ನು ಮೊದಲು ಕಂಡ ಇರುವೆಯು ಗೂಡಿಗೆ ಮರಳುವಾಗ ನೆಲದ ಮೇಲೆ ವಾಸನೆಯ ಗೆರೆಯೊಂದನ್ನು ಬಿಡುತ್ತದೆ. ಆ ಗೆರೆಯನ್ನು ಹಿಡಿದು ಬಂದವುಗಳೂ ಹಿಂದಿರುಗುವಾಗ ಅದನ್ನೇ ಬಲಪಡಿಸುತ್ತವೆ. ಬೆಲ್ಲ ತೀರಿದ ಮೇಲೆ ಯಾವುದೂ ವಾಸನೆ ಬಿಡದೆ, ಗೆರೆ ಆರಿ, ಸಾಲು ತಾನಾಗಿ ಕರಗುತ್ತದೆ. ಹೊರಗಿನಿಂದ ಬಂದು ಸುತ್ತುವರಿದು ಹಿಂದಿರುಗುವ ಈ ಕ್ರಮಕ್ಕೆ, ಕೋಟೆಯನ್ನು ಮುತ್ತುವ ದಂಡಿನ ಕ್ರಿಯಾಪದವೇ ಸರಿಯಾದುದು. ಗೆದ್ದಲಾದರೋ ಒಣಗಾಳಿಯನ್ನೂ ಬೆಳಕನ್ನೂ ತಾಳಲಾರದು. ಅದು ಮಣ್ಣನ್ನು ಎಂಜಲಿನಲ್ಲಿ ಕಲಸಿ ಮುಚ್ಚುಹಾದಿ ಕಟ್ಟಿಕೊಂಡು ಮರವನ್ನು ತಲುಪಿ, ಹೊರಮೈಯನ್ನು ಹಾಗೆಯೇ ಉಳಿಸಿ ಒಳಗನ್ನು ತಿನ್ನುತ್ತದೆ. ಆದುದರಿಂದಲೇ ಅದು ತುಕ್ಕು ಮತ್ತು ಬೂಷ್ಟಿನ ಸಾಲಿಗೆ ಸೇರಿ ‘ಹಿಡಿಯುತ್ತದೆ’. ಅಷ್ಟೇ ಅಲ್ಲ, ‘ಗೋಡೆಯ ಗೆದ್ದಲು ಕೆರೆದು ತೆಗೆ’ ಎಂದಾಗ ನಾವು ಹೇಳುವುದು ಆ ಮಣ್ಣಿನ ಹೊದಿಕೆಯನ್ನು. ಒಂದೇ ಜೀವಿಯನ್ನು ಹೇಳಬೇಕಾದರೆ ‘ಗೆದ್ದಲುಹುಳು’ ಎನ್ನಬೇಕಾಗುತ್ತದೆ. ಇರುವೆಗೆ ಆ ಕಟ್ಟುಪಾಡಿಲ್ಲ.

ಈಗ ‘ಹುತ್ತ’ಕ್ಕೆ ಬರುತ್ತೇನೆ. ಹಳಗನ್ನಡದ ‘ಪುತ್ತು’, ತೆಲುಗಿನ ‘ಪುಟ್ಟ’, ತುಳುವಿನ ‘ಪುಂಚ’ ಇವೆಲ್ಲ ಒಂದೇ ಕುಲದವು. ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಕಾಣುವ ಹುತ್ತವು ಗೂಡಷ್ಟೇ ಅಲ್ಲ, ಒಂದು ಬಗೆಯ ಸಾಗುವಳಿಯ ನೆಲವೂ ಹೌದು: ಗೆದ್ದಲುಗಳು ತಾವೇ ಪೂರ್ತಿ ಅರಗಿಸಿಕೊಳ್ಳಲಾಗದ ತರಗು ಮತ್ತು ಕಟ್ಟಿಗೆಯನ್ನು ಅಗಿದು ಒಳಗೆ ಜೇನುಹಟ್ಟಿನಂತಹ ಮೆದುವಾದ ಹಾಸುಗಳನ್ನು ಮಾಡಿ, ಅದರ ಮೇಲೆ ಒಂದು ಜಾತಿಯ ಶಿಲೀಂಧ್ರವನ್ನು ಬೆಳೆಸುತ್ತವೆ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ, ನಾವು ಪಲ್ಯಕ್ಕೆ ಕಿತ್ತು ತರುವ ಅಣಬೆ ಆ ಬೆಳೆಯದೇ ತಲೆ. ಆ ತೋಟಕ್ಕೆ ಬೇಕಾದ ತೇವವನ್ನೂ ಬಿಸಿಯನ್ನೂ ಕಾಯುವುದಕ್ಕಾಗಿಯೇ ಅಷ್ಟು ಮಣ್ಣಿನ ಗೋಡೆ ಎದ್ದಿರುವುದು. ಅಂತಹ ಕಟ್ಟಡವನ್ನು ನಮ್ಮ ಇರುವೆಗಳು ಎಬ್ಬಿಸಿದ್ದನ್ನು ನಾನು ನೋಡಿಲ್ಲ.

ಇರುವೆಯ ಮನೆಗಳು ಒಂದೇ ತೆರನಾಗಿಲ್ಲ. ಪಶ್ಚಿಮ ಘಟ್ಟದಲ್ಲಿರುವ ಜಿಗಿಯುವ ಇರುವೆಯೊಂದು, ನೆಲದೊಳಗಿನ ತನ್ನ ಕೋಣೆಗಳ ಗೋಡೆಗೆ ಮರಿಗಳು ಬಿಟ್ಟ ರೇಷ್ಮೆಗೂಡಿನ ಚೂರುಗಳನ್ನು ಅಂಟಿಸುತ್ತದೆ. ನೆಲದ ಮೇಲೆ ನಿಂತವರಿಗೆ ಕಾಣುವುದು ಒಂದು ತೂತು ಮಾತ್ರ. ಮಾವಿನ ಮರದ ಕೆಂಪಿರುವೆಯಾದ ಚಗಳಿಯದು ಇನ್ನೂ ಬೇರೆ. ಸಾಲಾಗಿ ಒಂದರ ಸೊಂಟವನ್ನೊಂದು ಕಚ್ಚಿ ಹಿಡಿದು ಎಲೆಗಳನ್ನು ಹತ್ತಿರಕ್ಕೆ ಎಳೆದು, ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು, ಅವುಗಳಿಂದ ಹೊರಡುವ ನೂಲಿನಿಂದಲೇ ಎಲೆಯಂಚುಗಳನ್ನು ಬೆಸೆಯುತ್ತದೆ. ಕರಡನ್ನು ತಿದ್ದಿದವರು ಇದನ್ನು ‘ನೇಕಾರ ಇರುವೆ’ ಎಂದಿದ್ದಾರೆ. ಹಾಸು ಹೊಕ್ಕುಗಳಿಲ್ಲದ ಕೆಲಸಕ್ಕೆ ನೇಯ್ಗೆ ಎಂಬ ಹೆಸರು ನನಗೆ ಒಪ್ಪಿಗೆಯಾಗದು. ಹೊಲಿಗೆ ಎಂದಿದ್ದರೆ ಸುಮ್ಮನಿರುತ್ತಿದ್ದೆ. ಚಗಳಿ ಚಟ್ನಿ ತಿಂದ ಮಕ್ಕಳಿಗೆ ಚಗಳಿ ಎಂದರೆ ಸಾಕು. ಆ ಎಲೆಗೂಡಿಗೆ ನಮ್ಮಲ್ಲಿ ‘ಕೊಟ್ಟೆ’ ಎನ್ನುವುದುಂಟು. ಕೊಟ್ಟೆ ಕಡಬಿನಲ್ಲಿಯೂ, ಕೊನೆಗಾರರು ಅಡಿಕೆ ಗೊನೆಗೆ ಕಟ್ಟುವ ಕೊಟ್ಟೆಯಲ್ಲಿಯೂ ಇರುವ ‘ಸುತ್ತಿ ಕಟ್ಟಿದ್ದು’ ಎಂಬ ಅರ್ಥವೇ ಇಲ್ಲಿಯೂ ಇದೆ.

ನನ್ನ ವಾದಕ್ಕೆ ವಿರುದ್ಧವಾದುದನ್ನೂ ಹೇಳಬೇಕು. ಹುತ್ತಕ್ಕೆ ಸಂಸ್ಕೃತದಲ್ಲಿರುವ ‘ವಲ್ಮೀಕ’ವನ್ನು ಇರುವೆ ಎಂಬ ಅರ್ಥದ ‘ವಮ್ರ’ ಶಬ್ದದೊಂದಿಗೆ ಜೋಡಿಸುವವರಿದ್ದಾರೆ. ಹಾಗಾದರೆ ಈ ಬೆರಕೆ ಬಹಳ ಹಳೆಯದು. ಜೊತೆಗೆ, ಗೆದ್ದಲು ಬಿಟ್ಟುಹೋದ ಹುತ್ತದಲ್ಲಿ ಇರುವೆಗಳು ನೆಲೆಸುವುದೂ ಇದೆ. ಹುತ್ತವನ್ನು ಒಡೆದಾಗ ಇರುವೆ ಕಂಡವನು ಕಟ್ಟಿದ್ದೂ ಅದೇ ಎಂದು ತಿಳಿದು ಗಾದೆಯನ್ನು ಬದಲಿಸಿರಬಹುದು ಎಂಬುದು ನನ್ನ ಊಹೆ. ಹಾಗಿದ್ದರೆ ಹಾವಿಗಿಂತ ಮೊದಲು ಇರುವೆಯೇ ಗೆದ್ದಲಿನ ಮನೆಯನ್ನು ಹೊಕ್ಕಂತಾಯಿತು.

ಆದುದರಿಂದ ನನ್ನ ಪ್ರಶ್ನೆಗಳು ಇಷ್ಟು. ಗಾದೆಯ ಎರಡು ಪಾಠಗಳಲ್ಲಿ ಯಾವುದು ಯಾವ ಸೀಮೆಯಲ್ಲಿ ಬಳಕೆಯಲ್ಲಿದೆ? ಸಾಗರ, ಹೊಸನಗರ, ಸೊರಬಗಳ ಹಿರಿಯರ ಬಾಯಲ್ಲಿ ‘ಇರುವೆ ಹುತ್ತ’ ಎಂಬ ಮಾತನ್ನು ಯಾರಾದರೂ ಕೇಳಿದ್ದೀರಾ? ಇರುವೆಯ ತೂತಿನ ಸುತ್ತ ಬಳೆಯಂತೆ ಎದ್ದಿರುವ ಸಣ್ಣ ಮಣ್ಣಿನ ದಿಬ್ಬಕ್ಕೆ ನಿಮ್ಮ ಮನೆಮಾತಿನಲ್ಲಿ ಬೇರೆಯ ಹೆಸರಿದ್ದರೆ, ಅದನ್ನು ಊರಿನ ಹೆಸರಿನೊಂದಿಗೆ ತಿಳಿಸಬೇಕಾಗಿ ವಿನಂತಿ.