ಶುದ್ಧ ಇಂಧನದ ವಿಚಾರಸಂಕಿರಣಕ್ಕೆ ಪಂಪ್‌ಸೆಟ್ ರೈತರನ್ನು ಕರೆಯುವುದು ಹೇಗೆ?

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವುದು ಮತ್ತು ಶುದ್ಧ ಇಂಧನ ನೀತಿ ಎಂಬ ವಿಷಯದ ಮೇಲೆ ಎರಡು ದಿನಗಳ ವಿಚಾರಸಂಕಿರಣ ನಡೆಸಲು ನಾವು ಕೆಲವು ವಿದ್ಯಾರ್ಥಿಗಳು ಸಿದ್ಧತೆ ಮಾಡಿಕೊಳ್ಳುತ್ತಿದ್ದೇವೆ. ಹಿಂದೊಮ್ಮೆ ಬೇರೊಂದು ಕಾಲೇಜಿನ ಇಂಥದೇ ಕಾರ್ಯಕ್ರಮಕ್ಕೆ ಹೋಗಿದ್ದೆ. ಭಾರತ 2070ರೊಳಗೆ ನಿವ್ವಳ ಶೂನ್ಯ (ಹೊರಸೂಸುವಷ್ಟೇ ಇಂಗಾಲವನ್ನು ಹೀರಿಕೊಂಡು ಸರಿದೂಗಿಸುವ ಸ್ಥಿತಿ) ತಲುಪುವುದಾಗಿ 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಘೋಷಿಸಿದ್ದನ್ನು ಅಲ್ಲಿ ಮಾತನಾಡಿದವರೆಲ್ಲ ಹೇಳಿದರು. ಆದರೆ ಪಕ್ಕದಲ್ಲಿ ಕುಳಿತಿದ್ದ ಮದ್ದೂರು ಕಡೆಯ ರೈತರೊಬ್ಬರು, "ನಮ್ಮ ಪಂಪ್‌ಸೆಟ್‌ಗೆ ಹಗಲು ಹೊತ್ತು ಕರೆಂಟ್ ಬರೋದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯೇನವ್ವ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಊಟದ ಹೊತ್ತಿಗೆ ಅವರು ಎದ್ದು ಹೋದರು. ಅಂಥವರು ಎರಡನೆಯ ದಿನವೂ ಬರಬೇಕಾದರೆ ಏನು ಮಾಡಬೇಕು?

ಉತ್ತರ 1: ನಿವೃತ್ತ ವಿದ್ಯುತ್ ಎಂಜಿನಿಯರ್, ಮಂಡ್ಯ

ಸಂಬಂಧ ಖಂಡಿತ ಇದೆಯಮ್ಮ, ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ಸೌರ ವಿದ್ಯುತ್ ಸಿಗುವುದೇ ಹಗಲಿನಲ್ಲಿ. ಪಂಪ್‌ಸೆಟ್‌ಗಳಿಗೆಂದೇ ಬೇರ್ಪಡಿಸಿದ ಫೀಡರ್‌ಗೆ, ಅಂದರೆ ಸಬ್‌ಸ್ಟೇಷನ್‌ನಿಂದ ಹೊರಡುವ ವಿದ್ಯುತ್ ಮಾರ್ಗಕ್ಕೆ, ಸೌರ ಘಟಕವನ್ನು ಜೋಡಿಸಲು ಕೃಷಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರದ ಪಿಎಂ-ಕುಸುಮ್ ಯೋಜನೆಯಲ್ಲಿ ಅವಕಾಶವಿದೆ. ಸಬ್‌ಸ್ಟೇಷನ್ ಹತ್ತಿರವೇ ಉತ್ಪಾದನೆಯಾದರೆ ತಂತಿಯಲ್ಲಿ ಆಗುವ ನಷ್ಟವೂ ಕಡಿಮೆ, ರೈತ ನಡುರಾತ್ರಿ ಟಾರ್ಚ್ ಹಿಡಿದು ಚಿರತೆಯ ಭಯದಲ್ಲಿ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗುವುದೂ ತಪ್ಪುತ್ತದೆ. ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ ಅದರ ವೆಚ್ಚ ಸರ್ಕಾರದ ಸಬ್ಸಿಡಿಯ ಮೇಲೆ ಬೀಳುತ್ತದೆ ಎಂಬುದನ್ನೂ ಅವರ ಮುಂದೆಯೇ ಚರ್ಚಿಸಿ.

ಇನ್ನೊಂದು ಮಾತು. ವಿದ್ಯುತ್ ಕಾಯ್ದೆ, 2003ರ 64ನೆಯ ಸೆಕ್ಷನ್ ಪ್ರಕಾರ, ವಿದ್ಯುತ್ ದರ ನಿಗದಿ ಮಾಡುವ ಮೊದಲು ವಿದ್ಯುತ್ ನಿಯಂತ್ರಣ ಆಯೋಗವು ಸಾರ್ವಜನಿಕರ ಸಲಹೆ ಮತ್ತು ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ಸೇವೆಯಲ್ಲಿದ್ದಾಗ ನಾನು ಇಂಥ ವಿಚಾರಣೆಗಳಲ್ಲಿ ಕುಳಿತಿದ್ದೇನೆ: ಕೈಗಾರಿಕೆಗಳ ಪರವಾಗಿ ಪುಟಗಟ್ಟಲೆ ಲೆಕ್ಕ ಬರುತ್ತಿತ್ತು, ರೈತರ ಕಡೆಯಿಂದ ಅಂಕಿಅಂಶ ಸಮೇತ ಬರೆದ ಕಾಗದ ಬಂದದ್ದು ಅಪರೂಪ. ಎರಡನೆಯ ದಿನ ಮಧ್ಯಾಹ್ನ ಭಾಷಣ ಬಿಟ್ಟು, ರೈತರನ್ನು ಜೊತೆಗೆ ಕೂರಿಸಿಕೊಂಡು ಆ ಕಾಗದ ಬರೆಯಿರಿ.

ಉತ್ತರ 2: ಆಲೆಮನೆಯವರು, ಪಾಂಡವಪುರ

ಆಲೆಮನೆಯನ್ನು ಮರೆಯಬೇಡಿ. ಗಾಣದಿಂದ ಬಂದ ಸಿಪ್ಪೆಯನ್ನು ಒಣಗಿಸಿ, ಅದನ್ನೇ ಉರಿಸಿ ನಾವು ಕಬ್ಬಿನ ಹಾಲು ಕಾಯಿಸುತ್ತೇವೆ. ಆ ಇಂಗಾಲ ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿಕೊಂಡದ್ದೇ ಆದ್ದರಿಂದ ಕಲ್ಲಿದ್ದಲಿನ ಲೆಕ್ಕ ಇದಕ್ಕೆ ಬಾರದು. ಆದರೆ ಮಳೆ ಹಿಡಿದು ಸಿಪ್ಪೆ ಒಣಗದಿದ್ದಾಗ ಕೆಲವು ಕಡೆ ಹಳೆಯ ಟಯರ್ ಹಾಕುತ್ತಾರೆ, ಆ ಕಪ್ಪು ಹೊಗೆಯಲ್ಲಿ ಉರಿ ಹಾಕುವವನ ಕಣ್ಣು ಸಂಜೆಯಾದರೂ ಕೆಂಪಾಗಿಯೇ ಇರುತ್ತದೆ. ಒಂದೇ ಒಲೆಯ ಮೇಲೆ ಸಾಲಾಗಿ ಎರಡು ಮೂರು ಕೊಪ್ಪರಿಗೆ ಕೂರಿಸಿದರೆ, ವ್ಯರ್ಥವಾಗಿ ಹೋಗುವ ಶಾಖವೇ ಮುಂದಿನ ಹಾಲನ್ನು ಬಿಸಿ ಮಾಡಿ ಸಿಪ್ಪೆ ಉಳಿಸುತ್ತದೆ. ಸಕ್ಕರೆ ಕಾರ್ಖಾನೆಯವರು ಇದೇ ಸಿಪ್ಪೆ ಉರಿಸಿ ತಯಾರಿಸುವ ಸಹವಿದ್ಯುತ್ ಬಗ್ಗೆ ನೀತಿ ಮಾಡುವವರು ಮಾತನಾಡುತ್ತಾರೆ, ನಮ್ಮ ಒಲೆಯ ಬಗ್ಗೆ ಯಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ.

ಉತ್ತರ 3: ಅರ್ಥಶಾಸ್ತ್ರ ಅಧ್ಯಾಪಕಿ, ಮೈಸೂರು

ನಗರದವರಿಗಾಗಿ ಒಂದು ಚರ್ಚೆ ಇರಲಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ನ ಚಾವಣಿ ಘಟಕಕ್ಕೆ ಕೇಂದ್ರ ಸರ್ಕಾರ 78,000 ರೂಪಾಯಿ ಸಹಾಯಧನ ನೀಡುತ್ತದೆ. ಇತ್ತ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ. ಬಿಲ್ ಕಟ್ಟದ ಮನೆಯವರು ಕೈಯಿಂದ ಹಣ ಹಾಕಿ ಫಲಕ ಏಕೆ ಹಾಕಿಸಿಕೊಳ್ಳಬೇಕು? ಬಡವರ ಮನೆಯ ಬೆಳಕನ್ನು ಕಿತ್ತುಕೊಳ್ಳದೆ ಇದಕ್ಕೆ ದಾರಿ ಹುಡುಕುವುದು ಕಠಿಣ, ಆದರೆ ವಿದ್ಯಾರ್ಥಿಗಳು ತಲೆ ಕೆಡಿಸಿಕೊಳ್ಳಬೇಕಾದದ್ದು ಇಂಥ ಪ್ರಶ್ನೆಗಳಿಗೇ. ಹಾಗೆಯೇ ಶಿವನಸಮುದ್ರಕ್ಕೆ ಕರೆದುಕೊಂಡು ಹೋಗಿ. 1902ರಲ್ಲಿ ಕಾವೇರಿಯ ನೀರಿನಿಂದ ಅಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ವಿದ್ಯುತ್ ಯಾರಿಗಾಗಿ ಎಂಬ ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಆಕ್ಷೇಪಣೆ ಬರೆಯುವ ಅಧಿವೇಶನವನ್ನು ಎರಡನೆಯ ದಿನಕ್ಕೆ ಇಟ್ಟಿದ್ದೇವೆ, ಎಂಜಿನಿಯರ್ ಸರ್ ಬಂದು ನಡೆಸಿಕೊಟ್ಟರೆ ಉಪಕಾರವಾಗುತ್ತದೆ. ಪಾಂಡವಪುರದ ಅಣ್ಣನವರೇ, ನಾವು ನಲವತ್ತು ಜನ ಬಂದರೆ ನಿಮ್ಮ ಕೆಲಸಕ್ಕೆ ಅಡ್ಡಿಯಾಗದ ಹೊತ್ತು ಯಾವುದು?

ಆಲೆಮನೆಯವರು, ಪಾಂಡವಪುರ

ಬೆಳಿಗ್ಗೆ ಏಳಕ್ಕೆ ಬನ್ನಿ ತಾಯಿ, ಮೊದಲ ಕೊಪ್ಪರಿಗೆ ಇಳಿಸುವುದನ್ನು ನೋಡಬಹುದು. ಇಪ್ಪತ್ತರಂತೆ ಎರಡು ಗುಂಪು ಮಾಡಿಕೊಳ್ಳಿ, ಒಲೆಯ ಬಳಿ ಜಾಗ ಕಿರಿದು.