ಆಟದ ಮೇಜಿನ ಮೇಲಿನ ಕಾವೇರಿ: ರೆಸಿನ್‌ನಲ್ಲಿ ಗುಳ್ಳೆ ಏಳುತ್ತಿದೆ

ಪ್ರಶ್ನೆ: ನಮಸ್ಕಾರ. ಶ್ರೀರಂಗಪಟ್ಟಣದ ಮೇಲೆ 1799ರ ಮೇ 4ರಂದು ನಡೆದ ಕೊನೆಯ ದಾಳಿಯನ್ನು 28 ಮಿಲಿಮೀಟರ್ ಎತ್ತರದ ಸೈನಿಕ ಗೊಂಬೆಗಳೊಂದಿಗೆ ಮೇಜಿನ ಮೇಲಿನ ಯುದ್ಧದಾಟವಾಗಿ ಆಡಲು, ಥರ್ಮಾಕೋಲಿನಲ್ಲಿ ಕಾವೇರಿಯ ಪಾತ್ರವನ್ನು ಕೊರೆದು, ನೀರಿನಂತೆ ಕಾಣಲೆಂದು ಎಪಾಕ್ಸಿ ರೆಸಿನ್ (ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ದ್ರವ) ಅನ್ನು ಒಂದೇ ಬಾರಿಗೆ ಸುರಿದೆ. ಅದು ಬಿಸಿಯೇರಿ ಗುಳ್ಳೆಗಳಿಂದ ತುಂಬಿತು, ಒಂದು ಮೂಲೆಯಲ್ಲಿ ಸೋರಿಯೂ ಹೋಯಿತು. ದಯವಿಟ್ಟು ಸಲಹೆ ನೀಡಿ.

ಉತ್ತರ 1: ರೆಸಿನ್ ಗಟ್ಟಿಯಾಗುವಾಗ ತಾನೇ ಶಾಖವನ್ನು ಹೊರಹಾಕುತ್ತದೆ, ದಪ್ಪ ಹೆಚ್ಚಿದಷ್ಟೂ ಆ ಶಾಖ ಒಳಗೇ ಉಳಿಯುವುದರಿಂದ, ಸುಮಾರು 3 ಮಿಲಿಮೀಟರಿನ ತೆಳು ಪದರಗಳಲ್ಲಿ, ಹಿಂದಿನದು ಗಟ್ಟಿಯಾದ ಮೇಲೆಯೇ ಮುಂದಿನದನ್ನು ಸುರಿಯಿರಿ. ಥರ್ಮಾಕೋಲಿಗೆ ಮೊದಲೇ ಎರಡು ಸಲ ಫೆವಿಕಾಲ್ ಬಳಿದು ಪೂರ್ತಿ ಒಣಗಿಸಿದರೆ, ಕಾಳುಗಳ ನಡುವಿನ ಗಾಳಿ ಮೇಲೇಳುವುದಿಲ್ಲ.

ಉತ್ತರ 2: ನೀರಿನ ಆಳ ತೋರುವುದು ರೆಸಿನ್‌ನಿಂದಲ್ಲ, ತಳದ ಬಣ್ಣದಿಂದ. ನಡುವೆ ಕಡು ಹಸಿರುಗಂದು, ದಡದತ್ತ ತಿಳಿ ಮರಳುಬಣ್ಣ ಇರಲಿ. ಅಂದು ದಾಳಿಗೆ ಬಂದ ಬ್ರಿಟಿಷರ ಕಡೆಯ ಸೈನಿಕರು ಬೇಸಿಗೆಯ ನದಿಯನ್ನು ನಡೆದೇ ದಾಟಿದ್ದರು. ಆದ್ದರಿಂದ ನೀಲಿ ಬೇಡವೇ ಬೇಡ, ಬಂಡೆಗಳು ನೀರಿನಿಂದ ಮೇಲೆದ್ದಿರಲಿ. ಬಂಡೆಗಳ ಕೆಳಹರಿವಿನ ಬದಿಗೆ ಹೊಳಪಿನ ಅಕ್ರಿಲಿಕ್ ಜೆಲ್ (ಒಣಗಿದಾಗ ಪಾರದರ್ಶಕವಾಗುವ ಮಂದ ಲೇಪ) ಅನ್ನು ಕುಂಚದಿಂದ ತಟ್ಟಿ, ಒಣಗಿದ ಮೇಲೆ ಅಲೆಯ ನೆತ್ತಿಗೆ ಮಾತ್ರ ಬಿಳಿ ಸವರಿದರೆ ನೊರೆ ಸಹಜವಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಈ ಭಾನುವಾರ ಫೆವಿಕಾಲಿನಿಂದಲೇ ಆರಂಭಿಸುತ್ತೇನೆ.